ಎದುರು ಮಾತಾಡುವ ತರಗೆಲೆ

ಅಕ್ಟೋಬರ್ ಎರಡನೇ ವಾರ. ಬಾಸ್ಟನ್ ಪಕ್ಕದ ನಮ್ಮ ಊರಿನಲ್ಲಿ ಮೇಪಲ್ ಎಲೆ ಅರ್ಧ ಮರದ ಮೇಲೆ, ಅರ್ಧ ನೆಲದ ಮೇಲೆ. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನಿಗೆ ಅದನ್ನು ನೋಡಿ ಸುಮ್ಮನೆ ಕೂರಲು ಆಗಲಿಲ್ಲ. ಕೊಟ್ಟಿಗೆಗೆ ದರಕು, ಅಂದರೆ ಒಣಗಿ ಬಿದ್ದ ಎಲೆ, ಗುಡಿಸಿ ಪಳಗಿದ ಕೈ. ಬೆಳಗ್ಗೆ ಎದ್ದು ಅಂಗಳದ ಎಲೆಯನ್ನೆಲ್ಲ ಒಟ್ಟುಮಾಡಿ ಸೊಂಟದೆತ್ತರ ರಾಶಿ ಹಾಕಿದರು. ಮೂರೂವರೆ ವರ್ಷದ ನನ್ನ ಮಗಳು ಬಾಗಿಲಿನಿಂದ ಒಂದೇ ಓಟಕ್ಕೆ ಬಂದು ಅದರೊಳಗೆ ಬಿದ್ದಳು.

‘ಎಂತ ಮಾರಾಯ್ತಿ ಇದು! ಗುಡಿಸಿದ್ದೆಲ್ಲ ಹಾಳು!’ ಎಂದರು ಅಮ್ಮ. ಎರಡು ನಿಮಿಷ ಬಿಟ್ಟು ತಾವೇ ಮತ್ತೆ ರಾಶಿ ಮಾಡಿಕೊಟ್ಟರು. ಆ ಬೆಳಗ್ಗೆ ಹೀಗೆ ಹನ್ನೊಂದು ಸಲ ಆಯಿತು. ನಾನು ಎಣಿಸಿದ್ದೆ.

ಒಳಗೆ ಮೇಜಿನ ಮೇಲೆ ನಾನು ದುಡ್ಡು ಕೊಟ್ಟು ತಂದ ‘ಸೆನ್ಸರಿ ಪ್ಲೇ’ ಡಬ್ಬ ಇತ್ತು. ಕಿತ್ತಳೆ ಬಣ್ಣದ ಅಕ್ಕಿ, ಬಟ್ಟೆಯ ಎಲೆಗಳು, ಪ್ಲಾಸ್ಟಿಕ್ ಕುಂಬಳಕಾಯಿ. ಮುಟ್ಟಿ, ಮೂಸಿ, ಕೇಳಿ ಆಡುವ ಆಟ, ಮೆದುಳಿನ ಬೆಳವಣಿಗೆಗೆ ಒಳ್ಳೆಯದು ಅಂತ ಮೇಲೆ ಬರೆದಿತ್ತು. ಮಗಳು ಹತ್ತು ನಿಮಿಷ ಆಡಿ ಬಿಟ್ಟಿದ್ದಳು. ಅಂಗಳದ ಕಸದಲ್ಲಿ ಇಡೀ ಬೆಳಗ್ಗೆ ಕಳೆದಳು. ಯಾಕೆ ಅಂತ ಯೋಚಿಸಿದಾಗ ನನಗೆ ತೋಚಿದ್ದು ಇಷ್ಟು: ಬಟ್ಟೆಯ ಎಲೆ ಇವತ್ತೂ ನಾಳೆಯೂ ಒಂದೇ ತರ ಇರುತ್ತದೆ. ಎಷ್ಟು ತುಳಿದರೂ ಏನೂ ಹೇಳುವುದಿಲ್ಲ. ಉದುರಿದ ಎಲೆ ಎದುರುತ್ತರ ಕೊಡುತ್ತದೆ.

ಮೊದಲು ಅದರ ಸದ್ದು ನೋಡಿ. ಹಸಿ ಎಲೆಯ ಒಂದೊಂದು ಜೀವಕೋಶವೂ ನೀರು ತುಂಬಿದ ಪುಟ್ಟ ಬಲೂನಿನ ಹಾಗೆ. ಮಡಚಿದರೆ ಬಾಗುತ್ತದೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ನೀರು ಆರಿದ ಮೇಲೆ ಉಳಿಯುವುದು ಒಣಗಿದ ಗೋಡೆ ಮಾತ್ರ. ಅದು ಬಾಗುವುದಿಲ್ಲ, ಚಟ್ಟನೆ ಮುರಿಯುತ್ತದೆ. ಒಂದು ಬಿರುಕು ಕ್ಷಣದಲ್ಲಿ ಓಡಿದಾಗ ಕೂಡಿಟ್ಟ ಶಕ್ತಿಯ ಸ್ವಲ್ಪ ಭಾಗ ಸದ್ದಾಗಿ ಹೊರಬರುತ್ತದೆ. ಅಂಥ ನೂರಾರು ಚಟ್‌ಗಳು ಸೇರಿದರೆ ಕಾಲಡಿಯ ಚರಪರ. ಹಪ್ಪಳದ್ದೂ ಇದೇ ಕಥೆ. ಮೆತ್ತಗಾದ ಹಪ್ಪಳ ರುಚಿ ಕೆಟ್ಟಿರುವುದಿಲ್ಲ, ಸದ್ದು ಕಳೆದುಕೊಂಡಿರುತ್ತದೆ ಅಷ್ಟೇ.

ತಮಾಷೆ ಅಂತ ಅನಿಸಬಹುದು. ಆದರೆ 2004ರಲ್ಲಿ ಮಾಸಿಮಿಲಿಯಾನೊ ಜಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ಇಬ್ಬರು ಇದನ್ನೇ ಪರೀಕ್ಷೆ ಮಾಡಿದರು. ಆಲೂಗಡ್ಡೆ ಚಿಪ್ಸ್ ಕಚ್ಚುವವರ ಕಿವಿಗೆ ಅವರದೇ ಕಚ್ಚುವ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದರು. ಸದ್ದನ್ನು, ಅದರಲ್ಲೂ ಕೀಚಲು ಭಾಗವನ್ನು, ಜಾಸ್ತಿ ಮಾಡಿದಾಗ ಚಿಪ್ಸ್ ಹೆಚ್ಚು ಗರಿಗರಿ ಅಂದರು ಜನ. 2008ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಗರಿಗರಿ ಅನ್ನುವುದು ಬಾಯಿಗೆ, ಕೈಗೆ ಸೇರಿದ್ದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಅದರಲ್ಲಿ ಕಿವಿಯ ಪಾಲೂ ಇದೆ.

ಹಾಗಾಗಿ ಮಗಳ ಜೊತೆ ಒಂದು ಆಟ ಮಾಡಿದೆ. ಒಂದೇ ಮರದ ಮೂರು ಎಲೆ: ಕೊಂಬೆಯಿಂದ ಕಿತ್ತದ್ದು, ಇವತ್ತು ಬಿದ್ದದ್ದು, ವಾರದ ಹಿಂದೆ ಬಿದ್ದದ್ದು. ಕಣ್ಣು ಮುಚ್ಚಿ ಕಿವಿಯ ಹತ್ತಿರ ಹಿಸುಕಬೇಕು. ಮೊದಲನೆಯದಕ್ಕೆ ಅವಳು ‘ಮಲಗಿದೆ’ ಎಂದಳು. ಎರಡನೆಯದಕ್ಕೆ ಏನೂ ಹೇಳಲಿಲ್ಲ. ಮೂರನೆಯದು ಪುಡಿಯಾದಾಗ ‘ಬೈತು’ ಎಂದಳು.

ಈಗ ಕೈಯ ವಿಷಯ. ನಮ್ಮ ಊರಿನ ಪಾರ್ಕಿನಲ್ಲಿ ಹಾರ್ಸ್ ಚೆಸ್ಟ್‌ನಟ್ ಮರಗಳಿವೆ. ಮುಳ್ಳಿನ ಹಸಿರು ಸಿಪ್ಪೆ ಒಡೆದರೆ ಒಳಗೆ ಪಾಲಿಶ್ ಮಾಡಿದ ತೇಗದ ಹಾಗೆ ಹೊಳೆಯುವ ಬೀಜ. ಮಗಳ ಕೈಗೆ ಒಂದು ಕೊಟ್ಟು ಸುಮ್ನೆ ನೋಡುತ್ತಾ ಕೂತೆ. ಮೊದಲು ಹೆಬ್ಬೆರಳಿನಿಂದ ಅತ್ತಿಂದಿತ್ತ ಉಜ್ಜಿದಳು. ಆಮೇಲೆ ಒತ್ತಿದಳು. ಮುಷ್ಟಿ ಬಿಗಿಹಿಡಿದು ಒಳಗೆ ಮುಚ್ಚಿದಳು. ಅಂಗೈ ಮೇಲಿಟ್ಟು ಮೇಲೆ ಕೆಳಗೆ ಆಡಿಸಿದಳು. ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದಳು. ಕೊನೆಗೆ ಬೆರಳ ತುದಿಯಿಂದ ಅಂಚು ಹುಡುಕಿದಳು.

ಇದು ಬರೀ ಚೇಷ್ಟೆ ಅಲ್ಲ. 1987ರಲ್ಲಿ ಸೂಸನ್ ಲೆಡರ್ಮನ್ ಮತ್ತು ರಾಬರ್ಟಾ ಕ್ಲಾಟ್ಸ್‌ಕಿ ಕೈಯ ಈ ಚಲನೆಗಳನ್ನು ಪಟ್ಟಿ ಮಾಡಿದ್ದರು. ದೊಡ್ಡವರ ಕಣ್ಣಿಗೆ ಬಟ್ಟೆ ಕಟ್ಟಿ ವಸ್ತು ಕೊಟ್ಟರೆ ಕೈ ಏನು ಮಾಡುತ್ತದೆ ಅಂತ ನೋಡಿದರು. ನುಣುಪೋ ಒರಟೋ ತಿಳಿಯಲು ಉಜ್ಜುತ್ತದೆ. ಗಟ್ಟಿಯೋ ಮೆತ್ತಗೋ ತಿಳಿಯಲು ಒತ್ತುತ್ತದೆ. ತೂಕಕ್ಕೆ ಎತ್ತಿ ಹಿಡಿಯುತ್ತದೆ, ತಣ್ಣಗೋ ಬಿಸಿಯೋ ಅಂತ ಸುಮ್ಮನೆ ತಾಗಿಸಿ ನಿಲ್ಲುತ್ತದೆ, ಗಾತ್ರಕ್ಕೆ ಮುಷ್ಟಿಯಲ್ಲಿ ಸುತ್ತುತ್ತದೆ, ಆಕಾರಕ್ಕೆ ಅಂಚನ್ನು ಹಿಂಬಾಲಿಸುತ್ತದೆ. ಒಂದೊಂದು ಪ್ರಶ್ನೆಗೆ ಒಂದೊಂದು ಚಲನೆ. ಮಗಳು ಎರಡು ನಿಮಿಷದಲ್ಲಿ ಆರನ್ನೂ ಕೇಳಿ ಮುಗಿಸಿದ್ದಳು.

ಚರ್ಮದ ಕೆಳಗೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಈಚೆಗೆ. ನರದ ತುದಿಯಲ್ಲಿ ಪೀಜೋ2 ಎಂಬ ಪ್ರೋಟೀನು ಪುಟ್ಟ ಬಾಗಿಲಿನ ಹಾಗೆ ಕೂತಿರುತ್ತದೆ. ಒತ್ತಿದರೆ ಬಾಗಿಲು ತೆರೆಯುತ್ತದೆ, ವಿದ್ಯುತ್ ಸಂದೇಶ ಹೊರಡುತ್ತದೆ. ಪೀಜೋ ಪ್ರೋಟೀನುಗಳನ್ನು ಪತ್ತೆ ಮಾಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ನನಗೆ ಇಷ್ಟವಾದದ್ದು ಇನ್ನೊಂದು ವಿಷಯ. ಕಣ್ಣು ಮುಚ್ಚಿದ್ದರೂ ನಮ್ಮ ಕೈಕಾಲು ಎಲ್ಲಿದೆ ಅಂತ ನಮಗೆ ಗೊತ್ತಿರುತ್ತದಲ್ಲ, ಅದಕ್ಕೂ ಇದೇ ಪ್ರೋಟೀನು ಬೇಕು. ಎಲೆ ಮುಟ್ಟುವುದಕ್ಕೂ ಎಲೆರಾಶಿಗೆ ಹಾರುವುದಕ್ಕೂ ಒಂದೇ ಬಾಗಿಲು.

ಆ ಚೆಸ್ಟ್‌ನಟ್ ಬೀಜವನ್ನು ಬಾಯಿಗೆ ಹಾಕುವ ಹಾಗಿಲ್ಲ, ವಿಷ. ಆದರೆ ಅದರಲ್ಲೊಂದು ಒಳ್ಳೆ ಆಟ ಇದೆ. ನಾನು ಎರಡು ಬೀಜ ಜಜ್ಜಿ, ನೀರಿನ ಜೊತೆ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಮಗಳ ಕೈಗೆ ಕೊಟ್ಟೆ. ಅವಳು ಕುಲುಕಿದಳು. ಬಾಟಲಿ ತುಂಬ ನೊರೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿ, ‘ಇದು ಅಂಟುವಾಳ ಅಲ್ವನೇ?’ ಎಂದರು. ಅರ್ಧ ಸರಿ. ಎರಡರಲ್ಲೂ ಇರುವುದು ಸಪೋನಿನ್ ಎಂಬ ನೊರೆ ವಸ್ತು. ಅಷ್ಟೇ ಅಲ್ಲ, ಎರಡೂ ಒಂದೇ ಸಸ್ಯ ಕುಟುಂಬ. ಆ ಕುಟುಂಬಕ್ಕೆ ಹೆಸರು ಬಂದಿದ್ದೇ ಅಂಟುವಾಳದಿಂದ: ಸ್ಯಾಪಿಂಡೇಸಿ. ಅಂಗಳದ ಮೇಪಲ್ ಕೂಡ ಅದರದ್ದೇ ಸದಸ್ಯ. ಲಿಚ್ಚಿಯೂ ಹೌದು. ಇದನ್ನು ಕೇಳಿದ ಮೇಲೆ ಅಮ್ಮ ಮೇಪಲ್ ಮರವನ್ನು ನೋಡುವ ರೀತಿಯೇ ಬದಲಾಯಿತು. ದೂರದ ನೆಂಟರ ಮನೆಗೆ ಬಂದವರ ಹಾಗೆ.

ಬಣ್ಣದ ಬಗ್ಗೆ ಶಾಲೆಯ ಪುಸ್ತಕದಲ್ಲೇ ಇರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಚಳಿ ಬರುವ ಮೊದಲು ಮರ ಎಲೆಯ ಹಸಿರನ್ನು ಒಡೆದು ಸಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಮೊದಲಿನಿಂದ ಅಡಗಿದ್ದ ಹಳದಿ ಕಾಣುತ್ತದೆ. ಕೆಂಪು ಹಾಗಲ್ಲ. ಅದು ಆಂಥೋಸಯನಿನ್, ಎಲೆ ಸಾಯುವ ಮುಂಚೆ ಹೊಸದಾಗಿ ತಯಾರಿಸುವ ಬಣ್ಣ. ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು ಇದ್ದರೆ ಜಾಸ್ತಿ. ನಮ್ಮ ಮಲೆನಾಡಿನಲ್ಲಿ ಇದೇ ಬಣ್ಣ ಕಾಣುವುದು ಬದುಕಿನ ಇನ್ನೊಂದು ತುದಿಯಲ್ಲಿ. ಮಾವಿನ ಚಿಗುರು, ಸಾಗಡೆಯ ಚಿಗುರು ಕೆಂಪಾಗಿರುವುದು ಆಂಥೋಸಯನಿನ್‌ನಿಂದಲೇ. ಇಲ್ಲಿ ಮುದುಕ ಎಲೆ ಕೆಂಪು, ಅಲ್ಲಿ ಕೂಸು ಎಲೆ ಕೆಂಪು.

ವಾಸನೆಗೆ ನಾವು ಬಾಸ್ಟನ್ನಿನ ಆರ್ನಲ್ಡ್ ಆರ್ಬೊರೀಟಮ್‌ಗೆ ಹೋದೆವು. 1872ರಲ್ಲಿ ಶುರುವಾದ ಮರಗಳ ತೋಟ, ಒಳಗೆ ಹೋಗಲು ದುಡ್ಡಿಲ್ಲ. ಅಲ್ಲಿ ಕತ್ಸುರಾ ಎಂಬ ಜಪಾನ್ ಮೂಲದ ಮರಗಳಿವೆ. ಹೃದಯದ ಆಕಾರದ ಸಣ್ಣ ಹಳದಿ ಎಲೆ. ಹತ್ತಿರ ಹೋಗುತ್ತಿದ್ದ ಹಾಗೆ ಅಮ್ಮ ನಿಂತರು. ‘ಎಲ್ಲೋ ಆಲೆಮನೆ ಇದೆ’ ಎಂದರು. ಆಲೆಮನೆ ಎಲ್ಲಿಂದ ಬರಬೇಕು! ಕತ್ಸುರಾ ಎಲೆ ಉದುರುವಾಗ ಮಾಲ್ಟೋಲ್ ಎಂಬ ವಸ್ತು ಗಾಳಿಗೆ ಬಿಡುತ್ತದೆ. ಸಕ್ಕರೆ ಕಂದುವಾಗ, ಬ್ರೆಡ್ಡಿನ ಮೇಲ್ಪದರ ಕೆಂಪಾಗುವಾಗ ಹುಟ್ಟುವುದೂ ಅದೇ. ಮಗಳು ಮೊಣಕಾಲೂರಿ ನಾಯಿಮರಿಯ ಹಾಗೆ ನೆಲ ಮೂಸಿದಳು. ಅಮ್ಮ ಅಷ್ಟೊತ್ತಿಗೆ ತನ್ನ ಅಪ್ಪನ ಆಲೆಮನೆ, ಕೊಪ್ಪರಿಗೆ, ನೊರೆಬೆಲ್ಲ ಅಂತ ಐವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದರು. ಮೂಗಿನ ಸಂದೇಶ ಬೇರೆ ಇಂದ್ರಿಯಗಳ ಹಾಗೆ ಮೊದಲು ಮೆದುಳಿನ ಥಲಾಮಸ್ ಎಂಬ ನಡುಮನೆಯನ್ನು ಹಾದು ಹೋಗುವುದಿಲ್ಲ. ಭಾವನೆ, ನೆನಪಿನ ಕೋಣೆಗಳಿಗೆ ಅದಕ್ಕೆ ನೇರ ದಾರಿ ಇದೆ.

ಇಷ್ಟೆಲ್ಲ ವಸ್ತು ತಂದು ಮಗುವಿನ ಮುಂದೆ ನಾವೇ ಆಡಿಸಿ ತೋರಿಸಿದರೆ ಸಾಕೇ? ಇಲ್ಲಿ ನನಗೆ ನೆನಪಾಗುವುದು ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ 1963ರಲ್ಲಿ ಪ್ರಕಟಿಸಿದ ಬೆಕ್ಕಿನಮರಿ ಪ್ರಯೋಗ. ಕತ್ತಲಲ್ಲಿ ಬೆಳೆದ ಮರಿಗಳನ್ನು ಜೋಡಿ ಜೋಡಿಯಾಗಿ ದಿನಕ್ಕೆ ಮೂರು ಗಂಟೆ ಒಂದು ತಿರುಗಣೆಗೆ ಕಟ್ಟುತ್ತಿದ್ದರು. ಒಂದು ಮರಿ ನಡೆಯುತ್ತದೆ. ಇನ್ನೊಂದು ತೊಟ್ಟಿಲಲ್ಲಿ ಕೂತು ಅದೇ ಸುತ್ತು ಹೊಡೆಯುತ್ತದೆ. ಎರಡರ ಕಣ್ಣಿಗೆ ಬೀಳುವುದೂ ಒಂದೇ. ಆಮೇಲೆ ಪರೀಕ್ಷೆ ಮಾಡಿದರೆ ನಡೆದ ಮರಿ ಆಳ ನೋಡಿ ಹಿಂದೆ ಸರಿಯಿತು, ಅಂಚು ಬಂದಾಗ ಪಂಜ ಚಾಚಿತು. ಕೂತ ಮರಿಗೆ ಗೊತ್ತಾಗಲಿಲ್ಲ. ತಾನಾಗಿ ಓಡಾಡಲು ಬಿಟ್ಟ ಮೇಲೆ ಅದೂ ಕಲಿತುಕೊಂಡಿತು. ಮಕ್ಕಳು ಬೆಕ್ಕಿನಮರಿಗಳಲ್ಲ, ನಿಜ. ಆದರೂ ‘ಕೈ ಕೊಳೆ ಆಗುತ್ತೆ, ನಾನೇ ತೋರಿಸ್ತೀನಿ’ ಅನ್ನುವಾಗೆಲ್ಲ ಆ ತೊಟ್ಟಿಲು ನನ್ನ ಕಣ್ಣ ಮುಂದೆ ಬರುತ್ತದೆ.

ಹಾಗಂತ ಒತ್ತಾಯವೂ ಬೇಡ. ಹ್ಯಾಲೋವೀನ್‌ಗೆ ತಂದ ಸಿಹಿಕುಂಬಳವನ್ನು ಕೊಯ್ದಾಗ ಮಗಳು ಒಳಗಿನ ಲೋಳೆ ತಿರುಳಿಗೆ ಕೈ ಹಾಕಿ ಕಿರುಚಿ ಓಡಿದಳು. ಸೌಟು ಕೊಟ್ಟೆ. ಸೌಟಿನಿಂದ ಕೆದಕಿದಳು. ಅರ್ಧ ಗಂಟೆಗೆ ಜಾರುವ ಬೀಜಗಳನ್ನು ಬೆರಳಿನಿಂದ ಚಿಮ್ಮಿಸುತ್ತಿದ್ದಳು. ಚಿಮ್ಮಿದ್ದನ್ನೆಲ್ಲ ಹೆಕ್ಕಿ ತೊಳೆದು ಅಮ್ಮ ಒಣಹಾಕಿದರು. ಬೀಜ ಬಿಸಾಡುವ ಜನ ಅಲ್ಲ ನಾವು.

ಭಯ ಪಡಬೇಕಾದದ್ದೂ ಇದೆ. ಮೂರು ವರ್ಷದ ಒಳಗಿನ ಮಕ್ಕಳಿಗೆ ಓಕ್ ಕಾಯಿ, ಬೀಜ, ಕಾಳು ಗಂಟಲಿಗೆ ಸಿಕ್ಕಿಬೀಳುತ್ತವೆ. ಪಕ್ಕದಲ್ಲೇ ಕೂರಬೇಕು, ಇಲ್ಲವೇ ಕೊಡಲೇಬಾರದು. ಊರಲ್ಲಾದರೆ ಗುಲಗಂಜಿ ಮತ್ತು ಹರಳು ಬೀಜ ಎಷ್ಟೇ ಚೆಂದ ಇದ್ದರೂ ಮನೆಯೊಳಗೇ ಬೇಡ, ಎರಡೂ ಕಡು ವಿಷ. ಇಲ್ಲಿನ ಕಾಡಂಚಿನಲ್ಲಿ ಎಲ್ಲಕ್ಕಿಂತ ಚೆಂದದ ಕೆಂಪು ಹಲವು ಸಲ ಪಾಯ್ಸನ್ ಐವಿಯದು. ಮೂರು ಮೂರು ಎಲೆ, ಮುಟ್ಟಿದರೆ ಬೊಬ್ಬೆ. ನಮ್ಮ ಗೋಡಂಬಿಯ ಕುಟುಂಬದ್ದೇ ಅದು. ಹಸಿ ಗೇರುಬೀಜದ ಸಿಪ್ಪೆ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ ಅದರ ಗುಣ ಹೇಳಬೇಕಿಲ್ಲ.

ಇನ್ನು ಉಣುಗು. ಈ ರಾಜ್ಯದ ಎಲೆರಾಶಿಗಳಲ್ಲಿ ಲೈಮ್ ರೋಗ ಹರಡುವ ಉಣುಗು ಇರುತ್ತದೆ. ಆಟ ಮುಗಿದ ಮೇಲೆ ಕಿವಿಯ ಹಿಂದೆ, ಮೊಣಕಾಲಿನ ಸಂದಿ, ತಲೆಕೂದಲು ಎಲ್ಲ ನೋಡಿಯೇ ಒಳಗೆ ಬಿಡುತ್ತೇನೆ. ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ, ಅದೂ ದರಕು ಒಣಗುವ ಕಾಲದಲ್ಲಿ. ಮಲೆನಾಡಿನಲ್ಲಿ ಇದನ್ನು ಓದುವವರು ದಯವಿಟ್ಟು ಕಾಡಿನ ತರಗೆಲೆ ರಾಶಿಗೆ ಮಕ್ಕಳನ್ನು ಹಾರಿಸಬೇಡಿ. ಬೆಂಗಳೂರಿನವರು ಅಕ್ಟೋಬರ್‌ನಲ್ಲಿ ಅಕ್ಕಿಗೆ ಕಿತ್ತಳೆ ಬಣ್ಣ ಹಾಕುವ ಬದಲು ಫೆಬ್ರವರಿ, ಮಾರ್ಚ್ ತನಕ ಕಾಯಬಹುದು. ರಸ್ತೆ ಬದಿಯ ಹೊಂಗೆ ಆಗ ಎಲೆ ಸುರಿಸುತ್ತದೆ. ಕಾಡುಬಾದಾಮಿ ಎಲೆಯಂತೂ ಕೆಂಪಾಗಿಯೇ ಬೀಳುತ್ತದೆ.

ಅಮ್ಮ ಹೊರಡುವ ಮುಂಚೆ ಕೊನೆಯ ಆಟ ಪೈನ್ ಕಾಯಿಯದು. ಹೊರಗೆ ಬಿಸಿಲಿತ್ತು, ಕಾಯಿಯ ಪಕಳೆಗಳೆಲ್ಲ ಬಿರಿದಿದ್ದವು. ಅದನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿಟ್ಟೆವು. ಒಂದೆರಡು ಗಂಟೆ ಕಳೆದು ನೋಡಿದರೆ ಬಿಗಿಯಾಗಿ ಮುಚ್ಚಿಕೊಂಡಿತ್ತು. ಕಾಯಿ ಸತ್ತು ಎಷ್ಟೋ ದಿನವಾಗಿದೆ, ಅದರಲ್ಲಿ ಜೀವ ಇಲ್ಲ. ಪ್ರತಿ ಪಕಳೆಯಲ್ಲಿ ಎರಡು ಪದರ ಇದೆ ಅಷ್ಟೇ. ಹೊರಗಿನದು ನೀರು ಕುಡಿದು ಜಾಸ್ತಿ ಉಬ್ಬುತ್ತದೆ, ಒಳಗಿನದು ಅಷ್ಟು ಉಬ್ಬುವುದಿಲ್ಲ. ಹಾಗಾಗಿ ಪಕಳೆ ಒಳಕ್ಕೆ ಬಾಗುತ್ತದೆ. ಒಣಗಿದರೆ ಮತ್ತೆ ಬಿರಿಯುತ್ತದೆ. ರೆಕ್ಕೆ ಇರುವ ಬೀಜ ಒಣ ಗಾಳಿಯಲ್ಲೇ ದೂರ ಹೋಗುವುದು, ಮಳೆಯಲ್ಲಿ ಅಲ್ಲ.

ಆ ಕಾಯಿ ಈಗ ಹಿಂಬಾಗಿಲ ಮೆಟ್ಟಿಲ ಮೇಲಿದೆ. ಬೆಳಗ್ಗೆ ವಿಡಿಯೊ ಕಾಲ್‌ನಲ್ಲಿ ಅಮ್ಮನ ಮೊದಲ ಪ್ರಶ್ನೆ, ‘ಕಾಯಿ ಎಂತ ಹೇಳ್ತು?’ ಮಗಳು ಓಡಿ ಹೋಗಿ ನೋಡಿ ಬರುತ್ತಾಳೆ. ನಿನ್ನೆ ಅರ್ಧ ಮುಚ್ಚಿತ್ತಂತೆ. ಒಂದು ಕಾಲಿಗೆ ಮಳೆಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.