ಕಾರ್ಬರೇಟರಿಗೆ ಕೊನೆಗೆ ಕೈ ಹಾಕಿ

ಕಾರು ಮನೆಯ ಶೆಡ್ಡಿನಲ್ಲೇ ನಿಂತಿರುತ್ತದೆ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬರೇಟರ್ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಕೂತು ಸ್ಕೂಟರಿನ ಮೇಲೆ ಗ್ಯಾರೇಜಿಗೆ ಬರುತ್ತದೆ. "ಅಣ್ಣಾ, ಇದನ್ನ ಕ್ಲೀನ್ ಮಾಡಿ ಹೊಸ ಕಿಟ್ ಹಾಕಿಕೊಡಿ, ಗಾಡಿ ಎಳೀತಾನೇ ಇಲ್ಲ." ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸುತ್ತಮುತ್ತ ಹಳೆಯ ಅಂಬಾಸಿಡರ್, ಪದ್ಮಿನಿ, ಕಾರ್ಬರೇಟರ್ ಕಾಲದ ಮಾರುತಿ 800 ಇಟ್ಟುಕೊಂಡವರಲ್ಲಿ ಈ ಚಾಳಿ ಬಹಳ. ಅಪ್ಪನ ಕಾಲದ ಗಾಡಿ, ಗುಜರಿಗೆ ಹಾಕಲು ಮನಸ್ಸಿಲ್ಲ, ಮದುವೆ ಮೆರವಣಿಗೆಗೆ ತೆಗೆದರೆ ಊರೇ ತಿರುಗಿ ನೋಡಬೇಕು. ಅಂಥವರ ಮೇಲೆ ಕೋಪ ಮಾಡಿಕೊಳ್ಳಲು ಆಗುವುದಿಲ್ಲ. ಕೋಪ ಬರುವುದು ಆ ಕವರಿನ ಮೇಲೆ.

ಎಳೆಯುವುದಿಲ್ಲ ಅಂದರೆ ಯಾವಾಗ ಎಳೆಯುವುದಿಲ್ಲ? ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್ ಆರಿಹೋಗುತ್ತದೋ, ಆಕ್ಸಿಲರೇಟರ್ ತುಳಿದ ಕ್ಷಣ ಮುಗ್ಗರಿಸುತ್ತದೋ, ನಂದಿಬೆಟ್ಟದ ಏರಿನಲ್ಲಿ ಸೆಕೆಂಡ್ ಗೇರಿನಲ್ಲೂ ಸಾಯುತ್ತದೋ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಮಾತ್ರ ಕೈಕೊಡುತ್ತದೋ? ನಾಲ್ಕಕ್ಕೂ ಕಾರಣ ಬೇರೆ ಬೇರೆ. ಕವರಿನಲ್ಲಿರುವ ಕಾರ್ಬರೇಟರ್ ಇದಕ್ಕೆ ಉತ್ತರ ಹೇಳುವುದಿಲ್ಲ. ಕಾರನ್ನೇ ತನ್ನಿ, ಓಡದಿದ್ದರೆ ಕಟ್ಟಿ ಎಳೆದು ತನ್ನಿ.

ಬಾನೆಟ್ ಎತ್ತುವ ಮೊದಲು ಸಮತಟ್ಟು ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ತಳ್ಳಿ. ಒಬ್ಬರ ಕೈಗೆ ಬಗ್ಗದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಏರಿನಲ್ಲಿ ಎಂಜಿನ್ ರೇಸ್ ಆಗಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಸೈಲೆನ್ಸರ್ ಬಾಯಿಗೊಮ್ಮೆ ಟಾರ್ಚ್ ಬಿಡಿ, ಕಣಜ ಗೂಡು ಕಟ್ಟಿರುವುದುಂಟು.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬುದು. ಎಂಜಿನ್ ಬಿಸಿಯಿರಲಿ, ಎಲ್ಲ ಪ್ಲಗ್ ಬಿಚ್ಚಿ, ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಕರೆಂಟ್ ಹೋಗದಂತೆ ವೈರ್ ತೆಗೆದಿಡಿ, ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಿಡಿದು, ಆಕ್ಸಿಲರೇಟರನ್ನು ಪೂರ್ತಿ ತುಳಿದುಕೊಂಡು ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಎಲ್ಲ ಸಿಲಿಂಡರಿನ ಅಂಕಿಯೂ ಹತ್ತಿರ ಹತ್ತಿರ ಇರಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ಕ್ಕೂ ಹೆಚ್ಚು ಕೆಳಗಿದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ, ಏರದಿದ್ದರೆ ತಪ್ಪು ವಾಲ್ವಿನದು. ಪಕ್ಕಪಕ್ಕದ ಎರಡು ಒಟ್ಟಿಗೆ ಕೆಳಗಿದ್ದರೆ ಹೆಡ್ ಪ್ಯಾಕಿಂಗ್ ಮೇಲೆ ಅನುಮಾನ. ವಾಲ್ವ್ ಅನ್ನುವ ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವಿನ ಸಂದಿ, ನೋಡಿರಬೇಕು. 1489 ಸಿಸಿ ಅಂಬಾಸಿಡರ್‌ಗೆ ಅದು 0.015 ಇಂಚು, ಅಂದರೆ 0.38 ಮಿ.ಮೀ. ಟಕಟಕ ಸದ್ದು ಕೇಳಬಾರದೆಂದು ಬಿಗಿ ಮಾಡಿಸಿಕೊಂಡವರ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಟ್ಯಾಪೆಟ್ ಸ್ವಲ್ಪ ಸದ್ದು ಮಾಡಲಿ ಬಿಡಿ.

ಇಲ್ಲಿ ನಮ್ಮ ಊರಿನ ಒಂದು ಮಾತು ಹೇಳಲೇಬೇಕು. ಈಗ ಹುಡುಗರು ಆನ್‌ಲೈನಿನಲ್ಲಿ ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ತರಿಸಿಕೊಳ್ಳುತ್ತಾರೆ, ಒಳ್ಳೆಯದೇ. ವಿಡಿಯೋ ನೋಡಿ ಐಡ್ಲಿಂಗಿನಲ್ಲಿ ಮುಳ್ಳು 17ರಿಂದ 21 ಇಂಚಿಗೆ (ಪಾದರಸದ ಇಂಚು) ನಿಲ್ಲಬೇಕು ಅಂದುಕೊಳ್ಳುತ್ತಾರೆ, 15 ತೋರಿಸಿದ ಕೂಡಲೇ ರಿಂಗ್ ಹೋಗಿದೆ ಎಂದು ಓಡಿ ಬರುತ್ತಾರೆ. ಆ ಅಂಕಿ ಸಮುದ್ರ ಮಟ್ಟದ್ದು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ಚಿಕ್ಕಬಳ್ಳಾಪುರ ಇರುವುದು ಹೆಚ್ಚುಕಮ್ಮಿ 3000 ಅಡಿ ಎತ್ತರದಲ್ಲಿ, ಇಲ್ಲಿ 14ರಿಂದ 18 ಬಂದರೆ ಎಂಜಿನ್ ಆರೋಗ್ಯವಾಗಿದೆ ಎಂದೇ ಅರ್ಥ. ಕಂಪ್ರೆಷನ್ ಕೂಡ ಕೈಪಿಡಿಯಲ್ಲಿ ಬರೆದದ್ದಕ್ಕಿಂತ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಡಿಮೆ ಬರುತ್ತದೆ. ಮುಳ್ಳು ಎಲ್ಲಿ ನಿಂತಿದೆ ಎನ್ನುವುದಕ್ಕಿಂತ ಅಲುಗಾಡದೆ ನಿಂತಿದೆಯೇ ಎನ್ನುವುದು ಮುಖ್ಯ. ಲಯಬದ್ಧವಾಗಿ ಒಂದೇ ಸಮ ಬೀಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಈಗ ಅಸಲು ವಿಷಯ. ಗಾಡಿ ಒಂದೇ ದಿನ ಕೆಡದೆ ಎರಡು ಮೂರು ತಿಂಗಳಲ್ಲಿ ಮೆಲ್ಲಮೆಲ್ಲಗೆ ಮಂಕಾಗಿದ್ದರೆ ಮೊದಲು ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ಕಾರ್ಬರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ಹಿತ್ತಾಳೆಯದು, ಅದರ ತೂತು ಮೂರು ತಿಂಗಳಲ್ಲಿ ದೊಡ್ಡದೂ ಆಗುವುದಿಲ್ಲ, ಚಿಕ್ಕದೂ ಆಗುವುದಿಲ್ಲ. ಕಸ ಕಟ್ಟಿದರೆ ಒಂದೇ ಸಲಕ್ಕೆ ಕಟ್ಟುತ್ತದೆ. ಡಿಸ್ಟ್ರಿಬ್ಯೂಟರಿನ ಒಳಗೆ ಕಾಯಿಲಿನ ಕರೆಂಟನ್ನು ಕಡಿದು ಸ್ಪಾರ್ಕ್ ಹುಟ್ಟಿಸುವ ಪಾಯಿಂಟ್ ಸೆಟ್ ಹಾಗಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಪಾಯಿಂಟ್ ನಿಮಿಷಕ್ಕೆ 6000 ಸಲ ತೆರೆದು ಮುಚ್ಚುತ್ತದೆ. ಅದನ್ನು ತೆರೆಯುವುದು ಕ್ಯಾಮಿನ ಮೇಲೆ ಉಜ್ಜುವ ಒಂದು ಚಿಕ್ಕ ಫೈಬರ್ ತುಂಡು. ಅದಕ್ಕೆ ಗ್ರೀಸ್ ಒಣಗಿದರೆ ಬೇಗ ಸವೆಯುತ್ತದೆ. ಅದು ಸವೆದಷ್ಟೂ ಗ್ಯಾಪ್ ಕುಗ್ಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಸ್ಪಾರ್ಕ್ ತಡವಾಗಿ ಬರುತ್ತದೆ. ಪಾಯಿಂಟ್ ಮುಚ್ಚಿರುವ ಅವಧಿ ಅಳೆಯುವ ಡ್ವೆಲ್ ಮೀಟರಿನಲ್ಲಿ ಒಂದು ಡಿಗ್ರಿ ಹೆಚ್ಚಿದರೆ ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು, ಕ್ರ್ಯಾಂಕಿನಲ್ಲಿ ಒಂದು ಡಿಗ್ರಿ ಹಿಂದೆ ಬಿತ್ತು ಎಂದು ಲೆಕ್ಕ.

ಸ್ಪಾರ್ಕ್ ತಡವಾದರೆ ಪೆಟ್ರೋಲಿನ ಉರಿ ಪಿಸ್ಟನನ್ನು ಒತ್ತಬೇಕಾದ ಹೊತ್ತು ಮೀರಿ, ಎಕ್ಸಾಸ್ಟ್ ಪೈಪಿನಲ್ಲಿ ಹಾಳಾಗುತ್ತದೆ. ಪಿಕಪ್ ಇಲ್ಲ, ಗಾಡಿ ಬಿಸಿ, ಪೆಟ್ರೋಲ್ ಖರ್ಚು ಜಾಸ್ತಿ. ಮೊದಲಿನ ವೇಗಕ್ಕೆ ಹೆಚ್ಚು ತುಳಿಯಬೇಕು, ಹೆಚ್ಚು ತುಳಿದರೆ ಹೆಚ್ಚು ಪೆಟ್ರೋಲ್. ಮಾಲೀಕರು ಇದನ್ನೇ 'ಕಾರ್ಬರೇಟರ್ ಜಾಸ್ತಿ ಕುಡೀತಿದೆ' ಅನ್ನುತ್ತಾರೆ. ಯಾರೋ ಒಬ್ಬರು ಮಿಕ್ಸ್ಚರ್ ಸ್ಕ್ರೂ ಒಳಗೆ ತಿರುಗಿಸಿ ಪೆಟ್ರೋಲ್ ಕಟ್ ಮಾಡುತ್ತಾರೆ, ಐಡ್ಲಿಂಗ್ ನಿಲ್ಲುವುದಿಲ್ಲ, ಆಗ ಐಡ್ಲಿಂಗ್ ವೇಗದ ಸ್ಲೋ ಸ್ಕ್ರೂ ಏರಿಸುತ್ತಾರೆ. ಈಗ ತಪ್ಪು ಒಂದಿದ್ದದ್ದು ಮೂರಾಯಿತು, ಮೂಲ ತಪ್ಪು ಮುಚ್ಚಳದ ಕೆಳಗೆ ಹಾಗೇ ಇದೆ.

ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಎಷ್ಟು ಹೇಳಿದರೂ ಇದು ತಲೆಗೆ ಇಳಿಯುವುದಿಲ್ಲ: ಮಿಕ್ಸ್ಚರ್ ಸ್ಕ್ರೂ ಕೆಲಸ ಮಾಡುವುದು ಐಡ್ಲಿಂಗಿನಲ್ಲಿ, ಅದರಿಂದ ಸ್ವಲ್ಪ ಮೇಲಿನವರೆಗೆ. ಸೊಲೆಕ್ಸ್ ಮಾದರಿಯ ಕಾರ್ಬರೇಟರಿನಲ್ಲಿ ಬೆಟ್ಟ ಹತ್ತುವಾಗ ಪೆಟ್ರೋಲ್ ಬರುವುದು ಮೇನ್ ಜೆಟ್ಟಿನಿಂದ, ಆ ಸ್ಕ್ರೂಗೂ ಅದಕ್ಕೂ ಸಂಬಂಧವೇ ಇಲ್ಲ. ಸ್ಕ್ರೂ ತಿರುಗಿಸಿ ಪಿಕಪ್ ತರಿಸುತ್ತೇನೆ ಅಂದವರಿಗೆ ಕಾಸು ಕೊಡಬೇಡಿ.

ಕ್ರಮ ಹೀಗಿರಲಿ. ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್, ಅದಾದ ಮೇಲೆ ಸ್ಕ್ರೂ. ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ, ಟೈಮಿಂಗ್ ಬದಲಾದರೆ ಐಡ್ಲಿಂಗ್ ಬದಲಾಗುತ್ತದೆ. ತಿರುಗುಮುರುಗಾಗಿ ಮಾಡಿದರೆ ಇಡೀ ಕೆಲಸ ಮತ್ತೆ ಮಾಡಬೇಕು. ಅಂಬಾಸಿಡರ್‌ಗೆ ಗ್ಯಾಪ್ 0.014ರಿಂದ 0.016 ಇಂಚು, ಪ್ಲಗ್ ಗ್ಯಾಪ್ 0.025 ಇಂಚು. ಪದ್ಮಿನಿ, ಮಾರುತಿಯವರು ತಮ್ಮ ಕೈಪಿಡಿ ನೋಡಲಿ, ಪಕ್ಕದ ಮನೆಯ ಗಾಡಿಯ ಅಂಕಿ ಬೇಡ. ಸವೆದ ಪಾಯಿಂಟಿನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿರುತ್ತದೆ. ಫೀಲರ್ ಗೇಜ್ ಗುಬ್ಬಿಗೆ ತಾಕಿ ಸುಳ್ಳು ಹೇಳುತ್ತದೆ, ನಿಜವಾದ ಗ್ಯಾಪ್ ಅದಕ್ಕಿಂತ ದೊಡ್ಡದು. ಅಂಥ ಪಾಯಿಂಟ್ ಬದಲಿಸಿ. ಹೊಸದು ಹಾಕಿದ ಮೇಲೆ ಕ್ಯಾಮಿಗೆ ಬೆಂಕಿಕಡ್ಡಿ ತಲೆಯಷ್ಟು ಗ್ರೀಸ್ ಸಾಕು, ಜಾಸ್ತಿಯಾದರೆ ಪಾಯಿಂಟಿಗೆ ಹಾರಿ ಮಿಸ್ಸಿಂಗ್ ಶುರು.

ಡಿಸ್ಟ್ರಿಬ್ಯೂಟರಿನ ಒಳಗೆ ಇನ್ನೂ ಮೂರು ಕಡೆ ಕಣ್ಣು ಹಾಯಿಸಿ. ಪಾಯಿಂಟ್ ಕೂತ ತಟ್ಟೆಯಿಂದ ಹೊರಗೆ ಹೋಗುವ ಮೆತ್ತನೆಯ ವೈರ್ ಒಳಗೊಳಗೇ ತುಂಡಾಗಿರುತ್ತದೆ, ಹೊರಗಿನ ಬಟ್ಟೆ ಮಾತ್ರ ನೆಟ್ಟಗಿರುತ್ತದೆ. ಐಡ್ಲಿಂಗಿನಲ್ಲಿ ಚೆನ್ನಾಗಿದ್ದು, ತುಳಿದಾಗ ಎಂಜಿನ್ನಿನ ಎಳೆತದಿಂದ ಸ್ಪಾರ್ಕ್ ಮುಂಚೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯನ್ನು ತಿರುಗಿಸಿದೊಡನೆ ಗಾಡಿ ಜರ್ಕ್ ಹೊಡೆದರೆ ಮೊದಲ ಗುಮಾನಿ ಈ ವೈರಿನ ಮೇಲಿರಲಿ. ಎರಡನೆಯದು, ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ; ಹಿಡಿದುಕೊಳ್ಳದಿದ್ದರೆ ಡಯಾಫ್ರಾಮ್ ಹರಿದಿದೆ. ಮೂರನೆಯದು ಶಾಫ್ಟಿನ ಬುಶ್. ರೋಟರನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಪಾಯಿಂಟ್ ಗ್ಯಾಪ್ ಬದಲಾಗುತ್ತಿದ್ದರೆ ನೀವು ಎಷ್ಟು ಸೆಟ್ ಮಾಡಿದರೂ ನಿಲ್ಲುವುದಿಲ್ಲ.

ಬಿಸಿಯಾದ ಮೇಲೆ ಮಾತ್ರ ಮಿಸ್ಸಿಂಗ್ ಬಂದು, ತಣ್ಣಗಾದರೆ ಸರಿಹೋಗುವುದಾದರೆ ಪಾಯಿಂಟಿನ ಕಿಡಿ ತಡೆಯುವ ಕಂಡೆನ್ಸರ್ ಅಥವಾ ಕಾಯಿಲ್ ಕೆಟ್ಟಿರಬಹುದು. ಕಂಡೆನ್ಸರ್ ಕೆಟ್ಟರೆ ಪಾಯಿಂಟಿನ ನಡುವೆ ಕಣ್ಣಿಗೆ ಕಾಣುವಷ್ಟು ಕಿಡಿ ಹಾರುತ್ತದೆ, ಪ್ಲಗ್ಗಿನ ಸ್ಪಾರ್ಕ್ ಮಾತ್ರ ಹಳದಿಯಾಗಿ ಸೊರಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಹೊಸ ಕಂಡೆನ್ಸರ್ ಹಾಕಿದ ದಿನವೇ ಸಾಯುವುದೂ ಉಂಟು, ಹಾಗಾಗಿ ಓಡುತ್ತಿದ್ದ ಹಳೆಯದನ್ನು ಬಿಸಾಡದೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.

ಇಷ್ಟೂ ಸರಿಯಿದ್ದರೆ ಪೆಟ್ರೋಲ್ ಬರುವ ದಾರಿ. ಕಾರ್ಬರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಇಳಿಬಿಟ್ಟು ಸೆಲ್ಫ್ ಹೊಡೆಯಿರಿ. ಕಾಯಿಲ್ ವೈರ್ ತೆಗೆದಿರಬೇಕು, ಎಂಜಿನ್ ತಣ್ಣಗಿರಬೇಕು, ಬೀಡಿ ಸೇದುವವರು ದೂರ ಇರಬೇಕು. ಪುಚಕ್ ಪುಚಕ್ ಎಂದು ಜೋರಾಗಿ ಬರಬೇಕು, ಗುಳ್ಳೆ ಬರಬಾರದು. ಹೈವೇಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿ ನಿಂತರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಉಸ್ ಎಂದು ಗಾಳಿ ಎಳೆದುಕೊಂಡು ಗಾಡಿ ಮತ್ತೆ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಇದಕ್ಕೆ ಕಾರ್ಬರೇಟರ್ ಕಿಟ್ ಹಾಕಿಸಿಕೊಂಡವರಿದ್ದಾರೆ.

ಏರ್ ಹಿಡಿಯುತ್ತಿದೆಯೇ, ಅಂದರೆ ಸಂದಿಯಿಂದ ಬೇಡದ ಗಾಳಿ ಒಳಗೆ ಹೋಗುತ್ತಿದೆಯೇ, ನೋಡಲು ಐಡ್ಲಿಂಗಿನಲ್ಲಿ ಕಾರ್ಬರೇಟರ್ ಬುಡಕ್ಕೂ ಮ್ಯಾನಿಫೋಲ್ಡ್ ಪ್ಯಾಕಿಂಗಿಗೂ ಸೋಪಿನ ನೀರು ಹಚ್ಚಿ, ಸದ್ದು ಬದಲಾದ ಜಾಗದಲ್ಲಿ ಸಂದಿಯಿದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲೋ ಸ್ಪ್ರೇಯೋ ಹೊಡೆಯುವ ವಿದ್ಯೆ ಬೇಡ. ಚೋಕ್ ಸ್ವಲ್ಪ ಎಳೆದಾಗ ಗಾಡಿ ಸುಧಾರಿಸಿದರೆ ಪೆಟ್ರೋಲ್ ಕಮ್ಮಿ ಬರುತ್ತಿದೆ ಅಥವಾ ಗಾಳಿ ಜಾಸ್ತಿ ಹೋಗುತ್ತಿದೆ. ಬುಡದ ನಟ್ಟುಗಳನ್ನು ವಿಪರೀತ ಬಲ ಹಾಕಿ ಬಿಗಿಯಬೇಡಿ, ಮೆತ್ತನೆಯ ಲೋಹದ ಫ್ಲೇಂಜ್ ಬಾಗಿ ಇನ್ನಷ್ಟು ಗಾಳಿ ಎಳೆಯುತ್ತದೆ.

ಈಗ ಬೇಕಿದ್ದರೆ ಕಾರ್ಬರೇಟರ್ ಬಿಚ್ಚಿ. ಏರ್ ಫಿಲ್ಟರ್ ತೆಗೆದು, ಎಂಜಿನ್ ನಿಲ್ಲಿಸಿ, ಥ್ರಾಟಲ್ ಎಳೆದಾಗ ಒಳಗೆ ಪೆಟ್ರೋಲ್ ಗೆರೆಯಂತೆ ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪ್ ಕೆಟ್ಟಿದೆ, ತುಳಿದ ಕ್ಷಣ ಮುಗ್ಗರಿಸುವುದು ಅದಕ್ಕೇ. ಪಂಪ್ ಇಲ್ಲದ ಎಸ್‌ಯು ಕಾರ್ಬರೇಟರ್ ಆದರೆ ಮೇಲಿನ ಡ್ಯಾಂಪರಿನಲ್ಲಿ ಆಯಿಲ್ ಇದೆಯೇ ನೋಡಿ. ಫ್ಲೋಟ್ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತು. ಜೆಟ್ಟುಗಳನ್ನು ಗಾಳಿಯಿಂದ ಊದಿ, ತಂತಿ ಹಾಕಬೇಡಿ. 120 ನಂಬರಿನ ಸೊಲೆಕ್ಸ್ ಜೆಟ್ ಅಂದರೆ 1.20 ಮಿ.ಮೀ. ತೂತು. ಸೂಜಿ ಗೀರಿ ಅದು 1.25 ಆದರೆ ತೂತಿನ ವಿಸ್ತಾರ ಶೇ. 8ಕ್ಕೂ ಮೇಲೆ ಹೆಚ್ಚಿತು.

ಜೆಟ್ ಬದಲಿಸಬೇಕೇ ಎಂದು ಈಚೆಗೆ ಬಹಳ ಜನ ಕೇಳುತ್ತಾರೆ. ನಮ್ಮ ಎತ್ತರದಲ್ಲಿ ಗಾಳಿ ತೆಳು, ಅದರಿಂದ ಮಿಶ್ರಣ ಅಂದಾಜು ಶೇ. 4ರಷ್ಟು ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಜಾಸ್ತಿ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಅದೇ ಜೆಟ್ಟಿನಲ್ಲಿ ಮಿಶ್ರಣವನ್ನು ಶೇ. 7-8ರಷ್ಟು ಲೀನ್ ಮಾಡುತ್ತದೆ, ಅಂದರೆ ಗಾಳಿ ಪಾಲು ಜಾಸ್ತಿ. ಎರಡನ್ನೂ ಕೂಡಿ ಕಳೆದರೆ ಇಲ್ಲಿ ಸ್ವಲ್ಪ ಲೀನ್, ಕರಾವಳಿಯಲ್ಲಿ ಅದೇ ಗಾಡಿ ಇನ್ನೂ ಲೀನ್. ಏರಿನಲ್ಲಿ ಪೂರ್ತಿ ತುಳಿದು ಓಡಿಸಿ, ಸುರಕ್ಷಿತ ಜಾಗದಲ್ಲಿ ಇಗ್ನಿಷನ್ ಆಫ್ ಮಾಡಿ ಕ್ಲಚ್ ಒತ್ತಿ ನಿಲ್ಲಿಸಿ, ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತೆಳು ಕಂದು ಬಣ್ಣವಿದ್ದರೆ ಜೆಟ್ ತಂಟೆಗೆ ಹೋಗಬೇಡಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ, ಟೈಮಿಂಗ್ ಸರಿಯಿದ್ದು ಏರ್ ಹಿಡಿಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿ ನೋಡಬಹುದು. ಅದಕ್ಕೂ ಮೊದಲು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳಿ. ಬೆರಳಿನಲ್ಲಿ ಒತ್ತಿದಾಗ ಪೈಪ್ ಅಂಟಂಟಾಗಿದ್ದರೂ, ಬಗ್ಗಿಸಿದಾಗ ಬಿರುಕು ಕಂಡರೂ ಅವತ್ತು ಗಾಡಿ ಸ್ಟಾರ್ಟ್ ಮಾಡಬೇಡಿ.