ಎಣ್ಣೆ ಕೇಳದ ಬುಶ್‌ಗೆ ಗ್ರೀಸ್ ಹಾಕಿದವರು

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಸಣ್ಣ ಬ್ಲೋವರಿನ ಬುಶ್ (ತಿರುಗುವ ದಂಡ, ಅಂದರೆ ಶಾಫ್ಟ್, ಒಳಗೆ ಕೂರುವ ಲೋಹದ ಬಳೆ) ವರ್ಷದೊಳಗೆ ಎರಡನೇ ಸಲ ಶಾಫ್ಟನ್ನು ಬಿಗಿಹಿಡಿದುಕೊಂಡಿತ್ತು. ಸಾವ್ಕಾರ್ರು ಅದನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರು. "ಸರ, ಎಣ್ಣಿ ಬ್ಯಾಡ ಅಂತ ನೀವೇ ಹೇಳಿದ್ರಿ. ಆದ್ರೂ ಇರ್ಲಿ ಅಂತ ವಾರಕ್ಕೊಮ್ಮೆ ಗ್ರೀಸ್ ಹಾಕ್ಸೀನಿ. ಹಿಂಗ್ಯಾಕಾಯ್ತು ಹೇಳ್ರಿ."

ಕೆಟ್ಟದ್ದು ಆ "ಆದ್ರೂ"ದಿಂದಲೇ. ಆ ಬುಶ್ ಎರಕ ಹೊಯ್ದದ್ದಲ್ಲ. ಕಂಚಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಪೂರ್ತಿ ಕರಗಲು ಬಿಡದೆ ಕಾಯಿಸಿ ಬೆಸೆದದ್ದು. ಅದರ ಗಾತ್ರದಲ್ಲಿ ಸುಮಾರು ಐದನೇ ಒಂದು ಪಾಲು ಬರೀ ರಂಧ್ರ, ರಂಧ್ರದ ತುಂಬ ಎಣ್ಣೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹಿಗ್ಗಿ ಹೊರಬರುತ್ತದೆ, ನಿಂತು ತಣ್ಣಗಾದಾಗ ದೀಪದ ಬತ್ತಿ ಹೀರಿದಂತೆ ಒಳಗೆ ಹೋಗುತ್ತದೆ. ಗ್ರೀಸಿನಲ್ಲಿ ಎಣ್ಣೆಯ ಜೊತೆ ಸಾಬೂನಿನಂಥ ದಪ್ಪ ವಸ್ತುವೂ ಇರುತ್ತದಲ್ಲ, ಅದು ಈ ರಂಧ್ರಗಳ ಬಾಯಿ ಕಟ್ಟುತ್ತದೆ. ಮೇಲೆ ತೊಗರಿ ಹೊಟ್ಟಿನ ದೂಳು ಅಂಟಿ, ಒಳಗೊಂದು ಸಾಣೆಯೇ ತಯಾರಾಗುತ್ತದೆ. ಮೊಂಡ ಟೂಲ್‌ನಿಂದ ಲೇತಿನಲ್ಲಿ ಒಳಬಾಯಿ ದೊಡ್ಡದು ಮಾಡಿಸಿದರೂ ಇದೇ ಕಥೆ: ಲೋಹ ಸವರಿಕೊಂಡು ರಂಧ್ರ ಮುಚ್ಚುತ್ತದೆ. ತೊಗರಿಗೆ ಎಣ್ಣೆ ಹಚ್ಚಿ ಒಣಗಿಸುವ ಊರಿನಲ್ಲಿ ಬುಶ್‌ಗೆ ಎಣ್ಣೆ ಬೇಡ ಎಂದು ನಂಬಿಸುವುದು ಕಷ್ಟ, ಒಪ್ಪುತ್ತೇನೆ.

ಹಾಗೆಂದು ಈ ಬುಶ್ ಎಲ್ಲ ಕಡೆಗೂ ಆಗುವುದಿಲ್ಲ. ಜರಡಿಯ ತೂಗುಕೈಯಂತೆ ಅರ್ಧ ಸುತ್ತಿಗೇ ಹಿಂದೆ ಬರುವ ಕಡೆ ಎಣ್ಣೆಯ ಪದರ ಕಟ್ಟಿಕೊಳ್ಳಲು ವೇಗವೇ ಸಾಲದು. ಅಲ್ಲಿಗೆ ಗ್ರಾಫೈಟ್ ಗುಳಿಗೆ ಕೂರಿಸಿದ ಕಂಚಿನ ಬುಶ್ ಸರಿ. ಗ್ರಾಫೈಟಿನಲ್ಲಿ ಕಾರ್ಬನ್ ಹಾಳೆ ಹಾಳೆಯಾಗಿ ಇರುತ್ತದೆ. ಹಾಳೆಯೊಳಗಿನ ಬಂಧ ಗಟ್ಟಿ, ಹಾಳೆ ಹಾಳೆಗಳ ನಡುವಿನದು ಸಡಿಲ, ನಡುವಿನ ಅಂತರ 0.335 ನ್ಯಾನೋಮೀಟರ್. ಉಜ್ಜಿದಾಗ ಹಾಳೆಗಳು ಜಾರಿ ಶಾಫ್ಟಿಗೆ ಅಂಟುತ್ತವೆ. ಅಲ್ಲಿಂದ ಮುಂದೆ ಹೆಚ್ಚಾಗಿ ಗ್ರಾಫೈಟನ್ನು ಗ್ರಾಫೈಟೇ ಉಜ್ಜುತ್ತದೆ. ಅಂದರೆ ಈ ಬುಶ್ ಸವೆಯಲೇಬೇಕು, ಸವೆದರಷ್ಟೇ ಕೆಲಸ. ಮೊದಲ ದಿನಗಳಲ್ಲಿ ಕರಿ ಪುಡಿ ಬಿದ್ದಾಗ ಗಾಬರಿಯಾಗಿ ಒರೆಸಿ, ಶಾಫ್ಟಿಗೆ ಎಮರಿ ಪೇಪರ್ ಹಾಕಿ ಲಕಲಕ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಟ್ಟಿಕೊಂಡ ಪದರವನ್ನು ಕಿತ್ತರೆ ಬುಶ್ ಮತ್ತೆ ಮೊದಲಿಂದ ಸವೆಯಬೇಕು. ನಾನು ನೋಡುವುದು ಪುಡಿಯನ್ನಲ್ಲ, ಸವೆತ ಅಳೆಯುವ ಡಯಲ್ ಗೇಜನ್ನು: ಈ ತಿಂಗಳ ಸವೆತ ಹೋದ ತಿಂಗಳಿಗಿಂತ ಕಡಿಮೆಯೋ ಅಲ್ಲವೋ.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಥರದ ಜಾಗ ಬೇಕು. ನೂರಾರು ಟನ್ ತೂಕದ ಕಿಲ್ನ್, ಅಂದರೆ ತಿರುಗುವ ಕೊಳವೆಯಂಥ ಕುಲುಮೆಯ ಒಳಗೆ, ಸಿಮೆಂಟಿನ ಮೂಲ ಗಟ್ಟಿಯಾದ ಕ್ಲಿಂಕರ್ ಸುಮಾರು 1450 ಡಿಗ್ರಿಯಲ್ಲಿ ಬೇಯುತ್ತಿರುತ್ತದೆ, ಹೊರಗೆ ಕಿಲ್ನಿಗೆ ತೊಡಿಸಿದ ಉಕ್ಕಿನ ಟೈರ್, ಅಂದರೆ ದಪ್ಪ ಬಳೆ, ರೋಲರುಗಳ ಮೇಲೆ ನಿಧಾನ ಉರುಳುತ್ತಿರುತ್ತದೆ. ಆ ರೋಲರಿಗೆ ಒಂದು ಗ್ರಾಫೈಟ್ ದಿಮ್ಮಿ ತನ್ನ ಭಾರದಿಂದಲೇ ಒರಗಿ, ತೆಳ್ಳಗೆ ಬಳಿಯುತ್ತಾ ಕೂತಿರುತ್ತದೆ. ಪಂಪಿಲ್ಲ, ಪೈಪಿಲ್ಲ. ಅಲ್ಲಿ ಎಣ್ಣೆ ಸುರಿದರೆ ಅದು ಉರಿದುಹೋಗುವುದಷ್ಟೇ ಅಲ್ಲ. ಮೇಲ್ಮೈಯ ಕೂದಲೆಳೆ ಬಿರುಕಿಗೆ ಇಳಿದು, ಟೈರಿನ ಭಾರ ಬಿದ್ದಾಗ ಒಳಗೇ ಸಿಕ್ಕಿಕೊಂಡು, ಬಿರುಕನ್ನು ಇನ್ನಷ್ಟು ಸೀಳುತ್ತದೆ. ಕೊನೆಗೆ ಉಕ್ಕು ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಇನ್ನು ಸ್ಲಿಪ್ ರಿಂಗ್ ಮೋಟರಿನ ಕಾರ್ಬನ್ ಬ್ರಷ್, ಅಂದರೆ ತಿರುಗುವ ಲೋಹದ ರಿಂಗಿಗೆ ಒತ್ತಿ ನಿಂತು ಕರೆಂಟ್ ದಾಟಿಸುವ ಗ್ರಾಫೈಟಿನ ತುಂಡು. ಏಪ್ರಿಲ್ ಬಂತೆಂದರೆ ಕೆಲವು ಮಿಸ್ತ್ರಿಗಳು "ನಮ್ಮ ಒಣ ಬಿಸಲಿಗೆ ಬ್ರಷ್ ಪುಡಿ ಆಗ್ತದ ಸರ" ಅನ್ನುತ್ತಾರೆ. ಮಾತಿಗೆ ಒಂದು ಬೇರಿದೆ. ಗ್ರಾಫೈಟ್ ತಾನಾಗಿಯೇ ಜಾರುವುದಿಲ್ಲ, ಗಾಳಿಯ ನೀರಾವಿ ಅದರ ಹಾಳೆಗಳ ಅಂಚಿಗೆ ಕೂತು ಅಂಟನ್ನು ತಣಿಸಬೇಕು. 1940ರ ದಶಕದಲ್ಲಿ ಬಹಳ ಎತ್ತರಕ್ಕೆ ಹಾರಿದ ಯುದ್ಧವಿಮಾನಗಳ ಜನರೇಟರ್ ಬ್ರಷ್‌ಗಳು ಅಷ್ಟು ಬೇಗ ಪುಡಿಯಾಗಿದ್ದು ಇದೇ ಕಾರಣಕ್ಕೆ. ನಿರ್ವಾತದಲ್ಲಿ ಗ್ರಾಫೈಟ್ ಸೋಲುತ್ತದೆ, ಹಾಳೆ ಹಾಳೆಯಾಗಿಯೇ ಇರುವ ಇನ್ನೊಂದು ಒಣ ಜಾರುವಸ್ತು, ಮಾಲಿಬ್ಡಿನಮ್ ಡೈಸಲ್ಫೈಡ್, ಅಲ್ಲೇ ಚೆನ್ನಾಗಿ ಜಾರುತ್ತದೆ.

ಆದರೆ ಕಲಬುರಗಿಯ ಗಾಳಿ ಆಕಾಶದ ಗಾಳಿಯಲ್ಲ. 40 ಡಿಗ್ರಿಯಲ್ಲಿ ಗಾಳಿ ಒಂದು ಘನ ಮೀಟರಿಗೆ ಸುಮಾರು 51 ಗ್ರಾಂ ನೀರಾವಿ ಹಿಡಿಯಬಲ್ಲದು. ತೇವ ಶೇಕಡ 20 ಅಂದರೂ 10 ಗ್ರಾಂ ಇದೆ. ಬ್ರಷ್ ಕೆಡುವುದು ಕೆಲವೇ ಗ್ರಾಂಗೆ ಇಳಿದಾಗ. ನಮ್ಮ ತುಟಿ ಒಡೆಯುವ ಒಣಗಾಳಿ ಬ್ರಷ್‌ಗೆ ಒಣಗಾಳಿಯೇ ಅಲ್ಲ. ಬಿಸಿಲನ್ನು ಬಿಟ್ಟು ನಾನು ಮೊದಲು ಕೇಳುವುದು ಮೋಟರ್ ಮೇಲಿನ ಲೋಡು. ಕರೆಂಟ್ ತೀರ ಕಡಿಮೆ ಹರಿದರೆ ರಿಂಗಿನ ಮೇಲೆ ಬ್ರಷ್ ಸವೆಯದಂತೆ ಕಾಯುವ ಕಂದು ಬಣ್ಣದ ಪದರ ಕಟ್ಟುವುದಿಲ್ಲ. ಎಲ್ಲ ಬ್ರಷ್‌ಗಳೂ ಇರಲೆಂದು ಇಟ್ಟು, ಅರ್ಧ ಲೋಡಿನಲ್ಲಿ ವರ್ಷವಿಡೀ ಓಡಿಸುವ ಮೋಟರುಗಳೇ ಹೆಚ್ಚು ಪುಡಿ ಉದುರಿಸುತ್ತವೆ. ತಯಾರಕರನ್ನು ಕೇಳಿ ಒಂದೆರಡು ಬ್ರಷ್ ತೆಗೆದಾಗ ಉಳಿದವು ಹೆಚ್ಚು ದಿನ ಬಂದದ್ದನ್ನು ನಾನೇ ನೋಡಿದ್ದೇನೆ, ಮಿಸ್ತ್ರಿಗಳು ಮಾತ್ರ ಕೇಳಿ ನಗುತ್ತಾರೆ. ಆಮೇಲೆ ಸ್ಪ್ರಿಂಗ್ ಒತ್ತಡ. ಕೊನೆಗೆ, ಹತ್ತಿರದಲ್ಲಿ ಯಾರಾದರೂ ಸಿಲಿಕೋನ್ ಸೀಲೆಂಟ್ ಬಳಿದಿದ್ದಾರೆಯೇ ಎಂಬುದು. ಅದರ ಆವಿ ಬ್ರಷ್‌ಗೆ ವಿಷ.

ಶಹಾಬಾದ್ ಕಲ್ಲಿನ ಪಾಲಿಶ್ ಘಟಕದವರಿಗೆ ಇನ್ನೊಂದು ಮಾತು. ನೀರು ಬೀಳುವ ಜಾಗದಲ್ಲಿ ಗ್ರಾಫೈಟ್ ಬುಶ್ ಓಡುತ್ತದೆ, ನಿಲ್ಲಿಸಿದರೆ ತೊಂದರೆ. ಒದ್ದೆಯಲ್ಲಿ ಗ್ರಾಫೈಟ್ ಮತ್ತು ಉಕ್ಕು ಸೇರಿ ಬ್ಯಾಟರಿಯಂತಾಗಿ, ತುಕ್ಕು ಉಕ್ಕಿಗೇ ಬೀಳುತ್ತದೆ. ಮಳೆಗಾಲಕ್ಕೆ ಯಂತ್ರ ಮುಚ್ಚುವವರು ಬುಶ್ ಒಣಗಿಸಿಯೇ ಮುಚ್ಚಬೇಕು. ಇಲ್ಲದಿದ್ದರೆ ಶಾಫ್ಟಿನಲ್ಲಿ ಚುಕ್ಕೆ ಚುಕ್ಕೆ ಗುಳಿ ಬಿದ್ದು, ಅವುಗಳ ಅಂಚು ಹೊಸ ಬುಶ್ಶನ್ನೂ ಅರದಂತೆ ತಿನ್ನುತ್ತದೆ.

ಸಾವ್ಕಾರ್ರಿಗೆ ಹೊಸ ಬುಶ್ ಕೊಟ್ಟು, ಗ್ರೀಸ್ ಗನ್ ಆ ಕಡೆ ಒಯ್ಯಬೇಡಿ ಅಂದೆ. "ಗ್ರೀಸ್ ನಿಪ್ಪಲ್ ಅದರಾಗ ಇನ್ನೂ ಅದರೀ ಸರ" ಅಂದರು. ಗ್ರೀಸ್ ತುಂಬಲು ಇಟ್ಟ ಆ ಮೂತಿಯನ್ನು ಬಿಚ್ಚಿ, ರಂಧ್ರಕ್ಕೆ ಬೋಲ್ಟ್ ತಿರುವಿಸಿ ಬಂದೆ.