ಥಕಾರದ ಚುಕ್ಕೆ ಮಸುಕಾದದ್ದು ಏಕೆ?

ನಿವೃತ್ತ ಶಿಕ್ಷಕರಾದ ನನ್ನ ತಂದೆ ಕಳೆದ ವರ್ಷ ಒಂದು ಪುಸ್ತಕದ ಕರಡು ತಿದ್ದುತ್ತಿದ್ದರು. ಹೊಸ 24 ಇಂಚಿನ ಮಾನಿಟರ್, ಹೊಸ ಕನ್ನಡಕ. ಆದರೂ ಗಂಟೆಗೊಮ್ಮೆ ನನ್ನನ್ನು ಕರೆಯುತ್ತಿದ್ದರು: "ಇಲ್ಲಿರುವುದು ಥಕಾರವೋ ಧಕಾರವೋ, ಸ್ವಲ್ಪ ನೋಡು." ಈ ಎರಡು ಅಕ್ಷರಗಳಿಗೆ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದೇ ಒಂದು ಚುಕ್ಕೆ. ಪರದೆಯ ಮೇಲೆ ಅದು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿತ್ತು. ಕಣ್ಣಿನದೇ ದೋಷವೆಂದು ಅವರು ಮತ್ತೆ ವೈದ್ಯರ ಬಳಿಗೆ ಹೊರಟಿದ್ದರು. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡಿದೆ. ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಬಿಂದುಗಳು ಎಂಬ ಲೆಕ್ಕ, 1280 × 720 ಎಂದಿತ್ತು. ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಮಾನಿಟರ್ ಜೋಡಿಸಿಕೊಟ್ಟವರು ಹಾಗೆ ಇಟ್ಟುಹೋಗಿದ್ದರು. ಆ ಮಾನಿಟರಿನ ಹುಟ್ಟು ರೆಸಲ್ಯೂಷನ್, ಅಂದರೆ ಪರದೆಯಲ್ಲೇ ಇರುವ ಬಿಂದುಗಳ ಲೆಕ್ಕ, 1920 × 1080.

ಇಂಥ ಚಪ್ಪಟೆ ಎಲ್‌ಸಿಡಿ ಪರದೆಯ ಬಿಳಿ ಭಾಗದ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ನೀರಿನ ಹನಿಯೊಂದನ್ನು ಬೆರಳ ತುದಿಯಿಂದ ಇಟ್ಟು ನೋಡಿ. ಹನಿ ಭೂತಗನ್ನಡಿಯಾಗುತ್ತದೆ. ಬಿಳುಪು ಮಾಯವಾಗಿ ಕೆಂಪು, ಹಸಿರು, ನೀಲಿ ಕಣಗಳು ಕಾಣುತ್ತವೆ. ಈ ಮೂರೂ ಸೇರಿದರೆ ಒಂದು ಪಿಕ್ಸೆಲ್. ತಂದೆಯವರ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪಿಕ್ಸೆಲ್‌ಗಳಿವೆ. ಕಾರ್ಖಾನೆಯಲ್ಲಿ ಗಾಜಿನ ಮೇಲೆ ಮೂಡಿದ ಈ ಮನೆಗಳನ್ನು ಯಾವ ಸೆಟ್ಟಿಂಗ್ಸ್ ಕೂಡ ಹೆಚ್ಚಿಸಲಾರದು, ಕಡಿಮೆ ಮಾಡಲಾರದು. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಅರ್ಧ ಎಳೆಗೆ ಹೊಲಿಗೆ ಬೀಳುವುದಿಲ್ಲ. ಎಲ್‌ಸಿಡಿಯಲ್ಲೂ ಅಷ್ಟೆ.

ಹಳೆಯ ಡುಬ್ಬು ಬೆನ್ನಿನ ಸಿಆರ್‌ಟಿ ಮಾನಿಟರ್‌ಗಳಿಗೆ ಈ ಕಟ್ಟು ಇರಲಿಲ್ಲ. ಅಲ್ಲಿ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆ ಎಳೆಯುತ್ತಾ ಹೋಗುತ್ತಿತ್ತು. 800 × 600 ಆಗಲಿ, 1024 × 768 ಆಗಲಿ, ಗೆರೆಗಳನ್ನು ಹತ್ತಿರ ಅಥವಾ ದೂರ ಎಳೆದರೆ ಮುಗಿಯಿತು. "ಅಕ್ಷರ ಚಿಕ್ಕದಾದರೆ ರೆಸಲ್ಯೂಷನ್ ಇಳಿಸು" ಎಂಬ ಸಲಹೆ ಆ ಕಾಲದ್ದು. ಮಾನಿಟರ್ ಬದಲಾದರೂ ಸಲಹೆ ಮಾತ್ರ ಉಳಿದುಕೊಂಡಿದೆ.

1280 ಕಂಬಸಾಲುಗಳ ಚಿತ್ರವನ್ನು 1920 ಸಾಲುಗಳಿಗೆ ಹಿಗ್ಗಿಸಿದರೆ ಪ್ರತಿಯೊಂದಕ್ಕೂ ಒಂದೂವರೆ ಪಿಕ್ಸೆಲ್ ಬೇಕು. ಒಂದೂವರೆ ಎಂಬುದು ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕಪ್ಪು ಗೆರೆಯೊಂದು ಒಂದು ಕಪ್ಪು ಪಿಕ್ಸೆಲ್, ಪಕ್ಕದಲ್ಲಿ ಒಂದು ಬೂದು ಪಿಕ್ಸೆಲ್ ಆಗಿ ಬೀಳುತ್ತದೆ. ಇಂಗ್ಲಿಷಿನ ಸರಳ ಗೆರೆಗಳು ಇದನ್ನು ಹೇಗೋ ತಾಳಿಕೊಳ್ಳುತ್ತವೆ. ನಮ್ಮ ಲಿಪಿಗೆ ಪೆಟ್ಟು ಹೆಚ್ಚು: ರ ಮತ್ತು ಠ, ಪ ಮತ್ತು ಷ, ದ ಮತ್ತು ಧ, ಎಲ್ಲವೂ ಒಂದು ಚುಕ್ಕೆ, ಒಂದು ಗೀಟು, ಒಂದು ಸೀಳಿನ ಅಂತರದಲ್ಲಿ ಬದುಕುತ್ತವೆ. 'ಸ್ತ್ರೀ' ಎಂಬಲ್ಲಿ ಎರಡೆರಡು ಒತ್ತುಗಳು ಕೆಳಗಿನ ಇಕ್ಕಟ್ಟಿನಲ್ಲಿ ಕೂರಬೇಕು. 1024 × 768 ಇಟ್ಟು ಪೂರ್ತಿ ಪರದೆಗೆ ಎಳೆದರಂತೂ ಅಕ್ಷರಗಳು ಅಡ್ಡಡ್ಡಕ್ಕೆ ಮೂರನೇ ಒಂದರಷ್ಟು ಉಬ್ಬುತ್ತವೆ, ಪೂರ್ಣಚಂದ್ರ ಮೊಟ್ಟೆಯಾಗುತ್ತಾನೆ.

ಅಕ್ಷರ ದೊಡ್ಡದಾಗಬೇಕೆಂಬ ಬಯಕೆಯಲ್ಲಿ ತಪ್ಪೇನಿಲ್ಲ. ಅದಕ್ಕಿರುವ ತಿರುಗಣಿ ಬೇರೆ. ವಿಂಡೋಸ್‌ನಲ್ಲಿ ರೆಸಲ್ಯೂಷನ್ನಿನ ಪಕ್ಕದಲ್ಲೇ 'ಸ್ಕೇಲ್' ಎಂಬುದಿದೆ. ರೆಸಲ್ಯೂಷನ್ ಅನ್ನು 'ರೆಕಮೆಂಡೆಡ್' ಎಂದು ಗುರುತಿರುವ 1920 × 1080ಕ್ಕೆ ಏರಿಸಿ, ಸ್ಕೇಲ್ ಅನ್ನು ಶೇಕಡಾ 150ಕ್ಕೆ ಇಟ್ಟೆ. ಪರದೆಯ ಮೇಲೆ ಅಕ್ಷರದ ಗಾತ್ರ ಮೊದಲಿನಷ್ಟೇ ಇತ್ತು. ಆದರೆ ಮೊದಲು 16 ಪಿಕ್ಸೆಲ್ ಎತ್ತರದ ಚೌಕದಲ್ಲಿ ಬರೆದ ಅಕ್ಷರವನ್ನು 24ಕ್ಕೆ ಹಿಗ್ಗಿಸಲಾಗುತ್ತಿತ್ತು. ಈಗ 24ರ ಚೌಕದಲ್ಲೇ ಹೊಸದಾಗಿ ಬರೆಯಲಾಗುತ್ತದೆ. 256 ಮನೆಗಳಲ್ಲಿ ಒದ್ದಾಡುತ್ತಿದ್ದ ಥಕಾರಕ್ಕೆ 576 ಮನೆಗಳು ಸಿಕ್ಕವು. ತಂದೆ ಪರದೆಯತ್ತ ಬಾಗಿ "ಕಥೆ, ಪಥ, ರಥ" ಎಂದು ಓದಿಕೊಳ್ಳುತ್ತಾ ಹೋದರು. ಮತ್ತೆ ನನ್ನನ್ನು ಕರೆಯಲಿಲ್ಲ.

ಹುಟ್ಟು ರೆಸಲ್ಯೂಷನ್ ಬಿಡಬಾರದೆನ್ನಲು ಇನ್ನೂ ಒಂದು ಕಾರಣವಿದೆ. ವಿಂಡೋಸ್‌ನ ಕ್ಲಿಯರ್‌ಟೈಪ್ ತಂತ್ರ ಆ ಕೆಂಪು, ಹಸಿರು, ನೀಲಿ ಕಣಗಳನ್ನು ಬಿಡಿಬಿಡಿಯಾಗಿ ಬಳಸಿ ಅಕ್ಷರದ ಅಂಚನ್ನು ನಯಗೊಳಿಸುತ್ತದೆ. ಚಿತ್ರವನ್ನು ಹಿಗ್ಗಿಸಿದಾಗ ಆ ಲೆಕ್ಕ ತಪ್ಪಿ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಭಾರವಾದ ಆಟಗಳನ್ನು ಹಳೆಯ ಯಂತ್ರದಲ್ಲಿ ಓಡಿಸಲು ರೆಸಲ್ಯೂಷನ್ ಇಳಿಸುವುದುಂಟು. ಅದನ್ನು ಆಟದೊಳಗಿನ ಸೆಟ್ಟಿಂಗ್ಸ್‌ನಲ್ಲೇ ಮಾಡುವುದು ಲೇಸು.

ಹೊಸ ಮಾನಿಟರ್ ಕೊಳ್ಳುವವರು ಇಂಚು ಮಾತ್ರ ಕೇಳುತ್ತಾರೆ. ಪಿಕ್ಸೆಲ್ ಎಷ್ಟು ದಟ್ಟವಾಗಿದೆ ಎಂಬುದನ್ನೂ ಕೇಳಬೇಕು. ಆರೋಗ್ಯವಂತ ಕಣ್ಣು ಸುಮಾರು 60 ಸೆಂಟಿಮೀಟರ್ ದೂರದಿಂದ 0.17 ಮಿಲಿಮೀಟರಿನಷ್ಟು ಅಂತರವನ್ನು ಗುರುತಿಸಬಲ್ಲದು. 24 ಇಂಚಿನ 1920 × 1080 ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿಲಿಮೀಟರ್, ಕೆಲಸಕ್ಕೆ ಸಾಕು. ಅದೇ ರೆಸಲ್ಯೂಷನ್ 27 ಇಂಚಿಗೆ ಬಂದರೆ 0.31 ಆಗಿ ಅಕ್ಷರ ಒರಟಾಗುತ್ತದೆ. ಆ ಗಾತ್ರಕ್ಕೆ 2560 × 1440 ಇರಲಿ ಎನ್ನುತ್ತೇನೆ. 27 ಇಂಚಿನಲ್ಲಿ 3840 × 2160 ಇದ್ದರೆ ಪಿಕ್ಸೆಲ್ 0.16ಕ್ಕೆ ಇಳಿದು ಕಣ್ಣಿನ ಹಿಡಿತದಿಂದಲೇ ತಪ್ಪಿಸಿಕೊಳ್ಳುತ್ತದೆ. ಕನ್ನಡದ ಪುಟ ಅಚ್ಚಾದ ಪುಸ್ತಕಕ್ಕೆ ತೀರಾ ಹತ್ತಿರ ಬರುತ್ತದೆ. ಆದರೆ ಮಾನಿಟರಿನ ತಂತಿ ಸಿಕ್ಕಿಸಲು ಎಚ್‌ಡಿಎಂಐ 1.4ರ ಕಿಂಡಿಯಷ್ಟೇ ಇರುವ ಹಳೆಯ ಕಂಪ್ಯೂಟರ್ ಈ ಪರದೆಯನ್ನು ಸೆಕೆಂಡಿಗೆ 30 ಸಲ ಮಾತ್ರ ತುಂಬಬಲ್ಲದು, ಮೌಸ್ ಬಾಣ ತಡವರಿಸುತ್ತದೆ. 60 ಸಲಕ್ಕೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿ ಬೇಕು.

ಅಂಗಡಿಯಲ್ಲಿ ಪರದೆಯ ಮೇಲೆ ಹೂವು, ಜಲಪಾತಗಳ ವಿಡಿಯೊ ಓಡುತ್ತಿರುತ್ತದೆ. ಅದನ್ನು ನಿಲ್ಲಿಸಿ ಒಂದು ಕನ್ನಡ ಪುಟ ತೆರೆಸಿ. ತೋಳಳತೆ ದೂರ ಕುಳಿತು, ಠಕಾರದ ಚುಕ್ಕೆ ಹುಡುಕಿ.